ಅಡಿಕೆ, ಮೆಣಸು ನಮ್ಮಲ್ಲೇ ಬೆಳೆಯುವಾಗ ಹೊರಗಿನಿಂದ ತರಿಸುವುದು ಯಾಕೆ?

ಓದುಗರ ಪ್ರಶ್ನೆ: ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ, ಕಾಳುಮೆಣಸು ಬೇಕಾದಷ್ಟು ಬೆಳೆಯುತ್ತದೆ. ಆದರೂ ಭೂತಾನ್, ಶ್ರೀಲಂಕಾ, ವಿಯೆಟ್ನಾಂ ಕಡೆಯಿಂದ ಮಾಲು ಬರುತ್ತದೆ. ಬಂತಂತೆ ಎಂದು ಸುದ್ದಿಯಾದರೆ ಸಾಕು, ಇಲ್ಲಿ ಟೆಂಡರ್ ದರ ಇಳಿಯುತ್ತದೆ. ವ್ಯಾಪಾರ ಮುಕ್ತವಾಗಿದ್ದರೆ ದೇಶಕ್ಕೆ ಲಾಭ ಎನ್ನುತ್ತಾರೆ. ನಮಗೆ ನಷ್ಟವಾದರೆ ಅದು ಯಾರ ಲಾಭ? ಆಮದನ್ನು ಪೂರ್ತಿ ನಿಲ್ಲಿಸಿಬಿಟ್ಟರೆ ಆಗುವುದಿಲ್ಲವೇ?

ಉತ್ತರ: ವ್ಯಾಪಾರದಿಂದ ದೇಶಕ್ಕೆ ಒಟ್ಟಾರೆ ಲಾಭವಿದೆ ಎಂಬ ಮಾತು ಸರಿ. ತೋಟಿಗರಿಗೆ ನಷ್ಟವಾಗುತ್ತದೆ ಎಂಬ ಮಾತೂ ಅಷ್ಟೇ ಸರಿ. ಎರಡೂ ಒಂದೇ ಲೆಕ್ಕದಿಂದ ಹುಟ್ಟುತ್ತವೆ. ಆಮದನ್ನು ಪೂರ್ತಿ ನಿಲ್ಲಿಸಿದರೆ ಹೊಡೆತ ಬೇರೆಯವರ ಮೇಲೆ ಬೀಳುತ್ತದೆ. ಅವರಲ್ಲಿ ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯವರೂ ಇದ್ದಾರೆ. ಆದರೆ ನೆರೆಯ ದೇಶಗಳಿಗೆ ನಾವು ಕೊಡುವ ಸುಂಕದ ರಿಯಾಯಿತಿಯೂ ಒಂದು ಬಗೆಯ ನೆರವು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆ ನೆರವಿನ ಖರ್ಚು ಖಜಾನೆಯಿಂದ ಹೋಗುತ್ತಿಲ್ಲ, ತೋಟದಿಂದ ಹೋಗುತ್ತಿದೆ. ಸರ್ಕಾರವನ್ನು ಕೇಳಬೇಕಾದ ಪ್ರಶ್ನೆ ಅಲ್ಲಿದೆ.

ಲಾಭ ಎಲ್ಲಿಂದ ಹುಟ್ಟುತ್ತದೆ

ಎರಡು ದೇಶಗಳನ್ನು ಊಹಿಸಿಕೊಳ್ಳಿ. ಮೊದಲ ದೇಶದಲ್ಲಿ ಒಂದು ಕಿಲೋ ಮೆಣಸು ಬೆಳೆಯಲು 4 ಗಂಟೆಯ ದುಡಿಮೆ ಬೇಕು, ಒಂದು ಡಬ್ಬಿ ಔಷಧ ತಯಾರಿಸಲು 2 ಗಂಟೆ. ಎರಡನೆಯ ದೇಶದಲ್ಲಿ ಮೆಣಸಿಗೆ 5 ಗಂಟೆ, ಔಷಧಕ್ಕೆ 10 ಗಂಟೆ. ಮೊದಲನೆಯದು ಎರಡರಲ್ಲೂ ಮುಂದಿದೆ. ಹಾಗಿದ್ದರೆ ಎರಡನ್ನೂ ತಾನೇ ಮಾಡಿಕೊಂಡರೆ ಒಳ್ಳೆಯದಲ್ಲವೇ ಎಂದು ಅನಿಸುತ್ತದೆ. ಲೆಕ್ಕ ಹಾಕಿ ನೋಡಿದರೆ ಹಾಗಲ್ಲ. ಮೊದಲ ದೇಶ ಒಂದು ಕಿಲೋ ಮೆಣಸಿಗೆ ಕೊಡುವ 4 ಗಂಟೆಯಲ್ಲಿ ಎರಡು ಡಬ್ಬಿ ಔಷಧ ಮಾಡಬಹುದಿತ್ತು. ಎರಡನೆಯ ದೇಶ ಒಂದು ಕಿಲೋ ಮೆಣಸಿಗಾಗಿ ಬಿಟ್ಟುಕೊಡುವುದು ಅರ್ಧ ಡಬ್ಬಿ ಮಾತ್ರ. ಈಗ ಒಂದು ಕಿಲೋ ಮೆಣಸಿಗೆ ಒಂದು ಡಬ್ಬಿ ಔಷಧ ಎಂದು ವಿನಿಮಯವಾಗಲಿ. ಮೊದಲ ದೇಶ 2 ಗಂಟೆ ದುಡಿದು ಒಂದು ಡಬ್ಬಿ ಕೊಟ್ಟು, 4 ಗಂಟೆ ಬೆಲೆಯ ಮೆಣಸು ಪಡೆಯಿತು. ಎರಡನೆಯದು 5 ಗಂಟೆಯ ಮೆಣಸು ಕೊಟ್ಟು, 10 ಗಂಟೆಯ ಔಷಧ ಪಡೆಯಿತು. ಇಬ್ಬರಿಗೂ ಉಳಿತಾಯವಾಯಿತು, ಯಾರ ಜೇಬಿನಿಂದಲೂ ಕದ್ದದ್ದಲ್ಲ. 1817ರಲ್ಲಿ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಮುಂದಿಟ್ಟ ತುಲನಾತ್ಮಕ ಅನುಕೂಲದ ತತ್ವ ಇದೇ. ಯಾರು ಹೆಚ್ಚು ಚುರುಕು ಎಂಬುದು ಇಲ್ಲಿ ಮುಖ್ಯವಾಗುವುದಿಲ್ಲ. ಒಂದನ್ನು ಮಾಡಲು ಹೋಗಿ ಇನ್ನೊಂದನ್ನು ಎಷ್ಟು ಕಳೆದುಕೊಳ್ಳುತ್ತೀರಿ ಎಂಬುದೇ ಮುಖ್ಯ.

ಉತ್ತರ ಕನ್ನಡಕ್ಕೆ ಇದು ಹೊಸ ಪಾಠವಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಇಲ್ಲಿನ ಮೆಣಸು ಹೊನ್ನಾವರ, ಭಟ್ಕಳದ ಬಂದರುಗಳಿಂದ ಹಡಗು ಹತ್ತುತ್ತಿದ್ದ ಕಾರಣಕ್ಕೆ. 1638ರಲ್ಲಿ ಇಂಗ್ಲಿಷರು ಕಾರವಾರದ ಬಳಿ ಕೋಠಿ ತೆರೆದದ್ದಕ್ಕೂ ಮೆಣಸಿನ ಆಸೆ ಒಂದು ಕಾರಣ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೋಗುತ್ತಿದ್ದುದರಿಂದ ಹೊರದೇಶದ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಎಂದೇ ಹೆಸರಿತ್ತು. ಹೊರಗೆ ಮಾರಿ ಬದುಕಿದ ಜಿಲ್ಲೆ ಇದು.

ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವುದು ವಿಯೆಟ್ನಾಂ. ಅಲ್ಲಿ ಗೂಟಗಳ ಮೇಲೆ ಸಾಲುಸಾಲಾಗಿ ಮೆಣಸನ್ನೇ ಬೆಳೆಯುತ್ತಾರೆ, ಇಳುವರಿ ನಮ್ಮದಕ್ಕಿಂತ ಹಲವು ಪಟ್ಟು. ಇಲ್ಲಿ ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿ ಉಪಬೆಳೆಯಾಗಿ ತೆಗೆಯುವುದೇ ಹೆಚ್ಚು. ಸೊರಗು ರೋಗ ಬಂದರೆ ಒಂದೇ ಮಳೆಗಾಲದಲ್ಲಿ ಬಳ್ಳಿಗಳು ಸಾಲಾಗಿ ಹೋಗುತ್ತವೆ. ಬೆಲೆಯ ಅಂತರಕ್ಕೆ ದೊಡ್ಡ ಕಾರಣ ಅಲ್ಲಿದೆ.

ಪೂರ್ತಿ ನಿಲ್ಲಿಸಿದರೆ ಏನಾಗುತ್ತದೆ

ಆಮದಿಗೆ ಡಾಲರ್ ಬೇಕು, ರಫ್ತು ಡಾಲರ್ ತರುತ್ತದೆ. ದೇಶ ಕಂಡಕಂಡದ್ದನ್ನೆಲ್ಲ ತರಿಸುವುದನ್ನು ನಿಲ್ಲಿಸಿತು ಎನ್ನಿ. ಡಾಲರ್ ಕೊಳ್ಳುವವರು ಕಡಿಮೆಯಾಗುತ್ತಾರೆ, ರೂಪಾಯಿ ಬಲವಾಗುತ್ತದೆ. ಕೇಳಲು ಚೆಂದ. ಆದರೆ ಕುಮಟಾ, ಅಂಕೋಲೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಸಿಗಡಿ ಸಾಕಿ ರಫ್ತುದಾರರಿಗೆ ಕೊಡುವವರಿಗೆ ಅದೇ ಡಾಲರ್‌ಗೆ ಕಡಿಮೆ ರೂಪಾಯಿ ಸಿಗುತ್ತದೆ. ಆಮದಿನ ಮೇಲೆ ಹಾಕಿದ ಸುಂಕ ಸುತ್ತಿ ಬಳಸಿ ರಫ್ತಿನ ಮೇಲೆ ಹಾಕಿದ ಸುಂಕವೇ ಆಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಅಬ್ಬಾ ಲರ್ನರ್ 1936ರಲ್ಲಿ ತೋರಿಸಿಕೊಟ್ಟರು. ಅಡಿಕೆ, ಮೆಣಸು ಎರಡನ್ನೇ ನಿಲ್ಲಿಸಿದರೆ ರೂಪಾಯಿ ಅಲುಗಾಡುವುದಿಲ್ಲ, ನಿಜ. ಆದರೆ ಪ್ರತಿ ಬೆಳೆಯವರೂ ಇದೇ ಬೇಡಿಕೆ ಇಡುತ್ತಾರೆ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಎನ್ನಲು ಕಾರಣ ಬೇಕಾಗುತ್ತದೆ.

ಜೊತೆಗೆ ಎದುರಿನವರ ಕೈಯೂ ಸುಮ್ಮನಿರುವುದಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲೆ ಮೊದಲು 25%, ತಿಂಗಳ ಕೊನೆಗೆ ಇನ್ನೂ 25% ಹೆಚ್ಚುವರಿ ಸುಂಕ ಹಾಕಿದಾಗ ಮೊದಲು ಏಟು ತಿಂದ ಸರಕುಗಳಲ್ಲಿ ಸಿಗಡಿಯೂ ಒಂದು. ಸುಂಕವಿಲ್ಲದೆಯೂ ಬಾಗಿಲು ಮುಚ್ಚಬಹುದು. ಟ್ರಾಲರ್ ಬಲೆಯಲ್ಲಿ ಆಮೆ ಪಾರಾಗಿ ಹೋಗುವ ಸಾಧನ ಇಲ್ಲ ಎಂಬ ಕಾರಣಕ್ಕೆ ಕೆಲವು ವರ್ಷಗಳಿಂದ ಭಾರತದ ಸಮುದ್ರದಲ್ಲಿ ಹಿಡಿದ ಸಿಗಡಿಯನ್ನು ಅಮೆರಿಕ ಕೊಳ್ಳುತ್ತಿಲ್ಲ. ಸಾಕಿದ ಸಿಗಡಿ ಮಾತ್ರ ಹೋಗುತ್ತದೆ. ಕಾರವಾರದ ಬೈತಖೋಲ, ಕುಮಟಾದ ತದಡಿಯಲ್ಲಿ ಇಳಿಯುವ ಸಿಗಡಿಗೆ ದೊಡ್ಡದೊಂದು ಗಿರಾಕಿ ಹೀಗೆ ತಪ್ಪಿದೆ.

ತತ್ವ ನಿಲ್ಲುವುದು ಎಲ್ಲಿ

ರಿಕಾರ್ಡೊ ಲೆಕ್ಕದಲ್ಲಿ ಮೆಣಸು ಬೆಳೆಯುವ ಕೈ ನಾಳೆ ಔಷಧ ತಯಾರಿಸುತ್ತದೆ. ಶಿರಸಿ ತೋಟದಲ್ಲಿ ಅದು ಸಾಧ್ಯವೇ? ಅಡಿಕೆ ಗಿಡ ಫಸಲು ಕೊಡಲು ಐದಾರು ವರ್ಷ ಬೇಕು, ಆಮೇಲೆ ದಶಕಗಟ್ಟಲೆ ನಿಲ್ಲುತ್ತದೆ. ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಈ ಜಿಲ್ಲೆಯ ವಿಶೇಷ. ಸೊಪ್ಪು, ದರಕು, ಗೊಬ್ಬರ ಎಲ್ಲವೂ ಆ ತೋಟಕ್ಕೆ ಜೋಡಿಸಿಕೊಂಡೇ ಇದೆ. ಕಣಿವೆಯ ಜೌಗು ನೆಲ, ಬಸಿಗಾಲುವೆ, ಅಡಿಕೆ ಬೇಯಿಸುವ ಒಬ್ಬೆ ಒಲೆ, ಅಡಿಕೆ ಒಣಗಿಸುವ ಅಟ್ಟ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡನ ಕೈಚಳಕ, ಯಾವುದನ್ನೂ ಕಿತ್ತು ಬೇರೆ ಕಸುಬಿಗೆ ಹಾಕಲು ಬರುವುದಿಲ್ಲ. ಬೆಲೆ ಬಿದ್ದಾಗ ಕಾರ್ಮಿಕರು ಹುಬ್ಬಳ್ಳಿಗೋ ಗೋವೆಗೋ ಹೋಗಬಹುದು, ತೋಟ ಹೋಗಲಾರದು. ನಷ್ಟವೆಲ್ಲ ಜಾಗ ಬಿಡಲಾಗದ ಆ ಬಂಡವಾಳದ ಮೇಲೆ ಬಂದು ಕೂರುತ್ತದೆ.

ಎಷ್ಟು ನಷ್ಟ, ಎಷ್ಟು ಲಾಭ ಎಂದು ಒಮ್ಮೆ ಅಂಕಿ ಹಾಕಿ ನೋಡೋಣ. ಇವು ತಿಳಿಯಲೆಂದು ಇಟ್ಟುಕೊಂಡ ಅಂಕಿಗಳು. ಹೊರಗಿನ ಮೆಣಸು ಕಿಲೋಗೆ 400 ರೂಪಾಯಿ, ಸುಂಕ 100, ಹಾಗಾಗಿ ಒಳಗಿನ ದರ 500. ಆ ದರದಲ್ಲಿ ನಮ್ಮವರು 100 ಕಿಲೋ ಬೆಳೆಯುತ್ತಾರೆ, ಗಿರಾಕಿಗಳು 130 ಕಿಲೋ ಕೊಳ್ಳುತ್ತಾರೆ, 30 ಕಿಲೋ ಹೊರಗಿನಿಂದ ಬರುತ್ತದೆ, ಸರ್ಕಾರಕ್ಕೆ 3,000 ರೂಪಾಯಿ ಸುಂಕ. ಈಗ ಸುಂಕ ತೆಗೆದರು. ದರ 400ಕ್ಕೆ ಇಳಿಯಿತು, ಬೆಳೆ 80 ಕಿಲೋಗೆ ಇಳಿಯಿತು, ಖರೀದಿ 140ಕ್ಕೆ ಏರಿತು. ಗಿರಾಕಿಗಳಿಗೆ ಸಿಕ್ಕ ಲಾಭ 13,500 ರೂಪಾಯಿ. ಬೆಳೆಗಾರರು ಕಳೆದುಕೊಂಡದ್ದು 9,000. ಸರ್ಕಾರ ಕಳೆದುಕೊಂಡದ್ದು 3,000. ಎಲ್ಲ ಕೂಡಿ ಕಳೆದರೆ ದೇಶಕ್ಕೆ ಉಳಿಯುವ ನಿವ್ವಳ ಲಾಭ 1,500.

ಆ 1,500 ಸುಳ್ಳಲ್ಲ. ಆದರೆ ಅದಕ್ಕಾಗಿ 9,000 ರೂಪಾಯಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿದೆ. ವರ್ಷಕ್ಕೆ ಒಂದು ಕಿಲೋ ಮೆಣಸು ಬಳಸುವ ಮನೆಗೆ ಉಳಿದದ್ದು 100 ರೂಪಾಯಿ, ಅವರಿಗೆ ಗೊತ್ತೂ ಆಗುವುದಿಲ್ಲ. ಐದು ಕ್ವಿಂಟಲ್ ಬೆಳೆಯುವ ಮನೆಗೆ ಹೋದದ್ದು 50,000 ರೂಪಾಯಿ. ಮಗಳ ಕಾಲೇಜು ಶುಲ್ಕವೋ ಸೊಸೈಟಿಯ ಸಾಲದ ಕಂತೋ ಅದರಲ್ಲಿತ್ತು. ಗೆದ್ದವರು ಸೋತವರಿಗೆ ತುಂಬಿಕೊಟ್ಟರೂ ಸ್ವಲ್ಪ ಮಿಗುತ್ತದೆ ಎಂಬುದು ಮುಕ್ತ ವ್ಯಾಪಾರದ ಪರವಾದ ವಾದ. ತುಂಬಿಕೊಡುವ ಏರ್ಪಾಡು ಇದ್ದಾಗ ಮಾತ್ರ ಆ ವಾದಕ್ಕೆ ಬೆಲೆ. ಅಮೆರಿಕ 1962ರಲ್ಲಿ ಆಮದಿನಿಂದ ಕೆಲಸ ಕಳೆದುಕೊಂಡವರಿಗಾಗಿ ಒಂದು ಯೋಜನೆ ತಂದಿತ್ತು, 2022ರ ಜುಲೈಯಿಂದ ಅದಕ್ಕೆ ಹೊಸ ಅರ್ಜಿ ಪರಿಶೀಲಿಸುವುದು ನಿಂತಿದೆ. ನಮ್ಮಲ್ಲಿ ಅಡಿಕೆ, ಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಮಳೆ ಹೆಚ್ಚಾದರೆ ಪರಿಹಾರ ಬರುತ್ತದೆ, ದರ ಬಿದ್ದರೆ ಬರುವುದಿಲ್ಲ.

ಈಗಿರುವ ಗೋಡೆ, ಅದರ ಬಿರುಕು

ಸರ್ಕಾರ ಬಾಗಿಲು ಹಾಗೇ ತೆರೆದಿಟ್ಟಿದೆ ಎಂಬ ಭಾವನೆ ಹಲವರಲ್ಲಿದೆ. ಅದು ಸರಿಯಲ್ಲ. ಅಡಿಕೆಯ ಮೇಲೆ ಮೂಲ ಆಮದು ಸುಂಕ 100%. ಅದರ ಮೇಲೆ ಕನಿಷ್ಠ ಆಮದು ಬೆಲೆ: 2023ರ ಫೆಬ್ರುವರಿಯಿಂದ ಕಿಲೋಗೆ 351 ರೂಪಾಯಿ, ಅದಕ್ಕೆ ಮೊದಲು 251 ಇತ್ತು. ವಿಮೆ, ಹಡಗಿನ ಬಾಡಿಗೆ ಸೇರಿ ಇದಕ್ಕಿಂತ ಕಡಿಮೆ ಬೆಲೆ ತೋರಿಸಿದ ಮಾಲನ್ನು ಒಳಗೆ ಬಿಡುವುದಿಲ್ಲ. ಅಂದರೆ 351ಕ್ಕೆ 351 ಸುಂಕ ಕೂಡಿ ಕಿಲೋ 702 ರೂಪಾಯಿ, ಕ್ವಿಂಟಲ್‌ಗೆ 70,200. ಉಳಿದ ತೆರಿಗೆ ಬೇರೆ. ಚಾಲಿಗೆ, ಅಂದರೆ ಹಣ್ಣಡಿಕೆ ಒಣಗಿಸಿ ಸುಲಿದದ್ದಕ್ಕೆ, ಶಿರಸಿಯಲ್ಲಿ ಸಿಗುವ ದರಕ್ಕಿಂತ ಇದು ಎಷ್ಟೋ ಮೇಲೆ. ಮುಂಬಾಗಿಲಿನಿಂದ, ಪೂರ್ತಿ ಸುಂಕ ಕಟ್ಟಿ ಅಡಿಕೆ ತಂದು ಇಲ್ಲಿ ಪೈಪೋಟಿ ಕೊಡುವುದು ಸುಲಭವಿಲ್ಲ.

ಮೆಣಸಿಗೆ ಸಾಮಾನ್ಯ ಸುಂಕ 70%. ಆಗ್ನೇಯ ಏಷ್ಯಾದ ದೇಶಗಳ ಗುಂಪಾದ ಆಸಿಯಾನ್ ಜೊತೆಗಿನ ಒಪ್ಪಂದ 2010ರಲ್ಲಿ ಜಾರಿಗೆ ಬಂದು, ಹಂತಹಂತವಾಗಿ ಇಳಿದು, ವಿಯೆಟ್ನಾಂ ಸೇರಿ ಆ ಗುಂಪಿನ ದೇಶಗಳಿಗೆ 50%ಗೆ ಬಂದಿದೆ. ಶ್ರೀಲಂಕಾದ ಕಥೆ ಬೇರೆ. 1998ರಲ್ಲಿ ಸಹಿಯಾಗಿ 2000ದಲ್ಲಿ ಜಾರಿಯಾದ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವೇ ಇಲ್ಲದೆ ಬರಬಹುದು. ಅದರ ಮೇಲಿನದಕ್ಕೆ ಸಾರ್ಕ್ ದೇಶಗಳ ಒಪ್ಪಂದದಡಿ 8%. 2017ರ ಡಿಸೆಂಬರ್‌ನಲ್ಲಿ ಮೆಣಸಿಗೂ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂತು.

ಕನಿಷ್ಠ ಬೆಲೆ ಇದ್ದೂ ಮಾಲು ಹೇಗೆ ನುಸುಳುತ್ತದೆ? ಇದನ್ನು ನಿಧಾನವಾಗಿ ನೋಡಬೇಕು. ಹೊರಗೆ ಮೆಣಸು 350ಕ್ಕೆ ಸಿಗುತ್ತಿದೆ ಎಂದಿಟ್ಟುಕೊಳ್ಳಿ. ತರುವವನು ಬಿಲ್ಲಿನಲ್ಲಿ 500 ಎಂದು ಬರೆಸುತ್ತಾನೆ. ಬ್ಯಾಂಕಿನ ಮೂಲಕ 500 ಕಳಿಸುತ್ತಾನೆ, ಅಲ್ಲಿ ಮಾರಿದವನು ನಿಜವಾದ ಬೆಲೆ 350 ಮುರಿದುಕೊಂಡ ಮೇಲೆ ಮಿಕ್ಕ 150 ಹೊರಗೇ ತರುವವನ ಪಾಲಿಗೆ ಉಳಿಯುತ್ತದೆ, ಅಥವಾ ಕಳ್ಳದಾರಿಯಲ್ಲಿ ಮರಳುತ್ತದೆ. 70% ಸುಂಕವಿದ್ದರೆ ಹೀಗೆ 150 ಹೆಚ್ಚು ಬರೆಸಿದ್ದಕ್ಕೆ 105 ರೂಪಾಯಿ ಹೆಚ್ಚು ಸುಂಕ ಕಟ್ಟಬೇಕಾಗುತ್ತಿತ್ತು, ಆಟ ಗಿಟ್ಟುತ್ತಿರಲಿಲ್ಲ. ಸುಂಕ ಸೊನ್ನೆಯಾದಲ್ಲಿ ಬೆಲೆ ಏರಿಸಿ ಬರೆಸಲು ಖರ್ಚೇ ಇಲ್ಲ. ಕನಿಷ್ಠ ಬೆಲೆಯ ಗೋಡೆ ಸುಂಕ ಇರುವಲ್ಲಿ ಬಿಗಿಯಾಗಿ ನಿಲ್ಲುತ್ತದೆ, ಸುಂಕವಿಲ್ಲದ ದಾರಿಯಲ್ಲಿ ಸಡಿಲವಾಗುತ್ತದೆ. ಹೊರಗಿನ ದರವೇ 500 ದಾಟಿದ ವರ್ಷ ಅದು ಇದ್ದೂ ಇಲ್ಲದ ಹಾಗೆ.

ಎರಡನೆಯ ಬಿರುಕು ಮೂಲದ ಪ್ರಮಾಣಪತ್ರ. ಶ್ರೀಲಂಕಾದ ರಿಯಾಯಿತಿ ಶ್ರೀಲಂಕಾದಲ್ಲಿ ಬೆಳೆದ ಮೆಣಸಿಗೆ. ಬೇರೆ ದೇಶದ ಸಾಮಗ್ರಿ ಬಳಸಿದ ಸರಕಿಗೆ ರಿಯಾಯಿತಿ ಬೇಕಾದರೆ ಅಲ್ಲಿ ಕನಿಷ್ಠ 35% ಮೌಲ್ಯ ಕೂಡಿರಬೇಕು, ಸುಂಕದ ಪಟ್ಟಿಯಲ್ಲಿ ಸರಕನ್ನು ಗುರುತಿಸುವ ನಾಲ್ಕಂಕಿಯ ಸಂಖ್ಯೆಯೂ ಬದಲಾಗಿರಬೇಕು. ವಿಯೆಟ್ನಾಂ ಮೆಣಸನ್ನು ಕೊಲಂಬೊದಲ್ಲಿ ಇಳಿಸಿ, ಕೇರಿ, ಚೀಲ ಬದಲಿಸಿದರೆ ಅದು ಮೆಣಸಾಗಿಯೇ ಉಳಿಯುತ್ತದೆ, ರಿಯಾಯಿತಿ ಸಲ್ಲುವುದಿಲ್ಲ. ಹೀಗೆ ಚೀಲ ಬದಲಿಸಿದ ಮೆಣಸು ಬರುತ್ತಿದೆ ಎಂಬುದು ಬೆಳೆಗಾರರ ಹಳೆಯ ದೂರು. 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ ನಿಯಮಗಳ ಪ್ರಕಾರ ಪ್ರಮಾಣಪತ್ರ ಒಂದನ್ನೇ ತೋರಿಸಿದರೆ ಸಾಲದು. ಮಾಲು ಎಲ್ಲಿ ಹೇಗೆ ತಯಾರಾಯಿತು ಎಂಬ ವಿವರವನ್ನು ಆಮದುದಾರನೇ ಇಟ್ಟುಕೊಂಡು, ಕಸ್ಟಮ್ಸ್ ಕೇಳಿದಾಗ ಕೊಡಬೇಕು. ಕೊಡದಿದ್ದರೆ ರಿಯಾಯಿತಿ ತಡೆಹಿಡಿಯಬಹುದು. ಇದು ಒಳ್ಳೆಯ ನಿಯಮ. ಅದು ಎಷ್ಟು ಕೆಲಸ ಮಾಡುತ್ತದೆ ಎಂಬುದು ಬಂದರಿನ ಅಧಿಕಾರಿ ಎಷ್ಟು ಸಲ ಕೇಳುತ್ತಾನೆ ಎಂಬುದರ ಮೇಲಿದೆ.

ಮೂರನೆಯದು ಹೆಸರು ಬದಲಿಸುವುದು. ಅಡಿಕೆಯನ್ನು ತುಸು ಹುರಿದು, ಇದು ಹುರಿದ ಅಡಿಕೆ, ಬೇರೆ ಸುಂಕ ಸಂಖ್ಯೆಗೆ ಸೇರಿದ್ದು, ಇದಕ್ಕೆ ಕನಿಷ್ಠ ಬೆಲೆ ಅನ್ವಯಿಸದು ಎಂದು ತರುವ ದಾರಿ ಹಲವು ವರ್ಷ ತೆರೆದಿತ್ತು. 2025ರಲ್ಲಿ ಹುರಿದ ಅಡಿಕೆಗೂ 351ರ ಷರತ್ತು ಹಾಕಿದರು. ನಾಲ್ಕನೆಯದು, ರಫ್ತಿಗಾಗಿ ಸುಂಕವಿಲ್ಲದೆ ತರುವ ಮಾಲು. ಮೆಣಸಿನಿಂದ ಓಲಿಯೋರೆಸಿನ್ ಎಂಬ ಗಟ್ಟಿ ಸಾರ ತೆಗೆದು ಮರಳಿ ರಫ್ತು ಮಾಡುವ ಉದ್ಯಮ ಭಾರತದಲ್ಲಿ ದೊಡ್ಡದು, ಅದಕ್ಕೆ ಕಡಿಮೆ ಬೆಲೆಯ ಎಳೆಮೆಣಸು ಬೇಕು. ಇದನ್ನು ವಿರೋಧಿಸುವುದು ಸರಿಯಲ್ಲ, ಆ ಮಾಲು ಒಳಪೇಟೆಗೆ ಸೋರದಂತೆ ತೂಕದ ಲೆಕ್ಕ ಕೇಳುವುದು ಸರಿ. ಈಶಾನ್ಯದ ಗಡಿಯಲ್ಲಿ ಮ್ಯಾನ್ಮಾರ್ ಕಡೆಯಿಂದ ರಾತ್ರಿ ದಾಟುವ ಅಡಿಕೆಗಂತೂ ಯಾವ ಸುಂಕವೂ ತಾಗದು. ಅದು ಪೊಲೀಸರ ಕೆಲಸ.

ಭೂತಾನ್ ವಿಷಯಕ್ಕೆ ಬರೋಣ. 2022ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ಷರತ್ತಿಲ್ಲದೆ, ಪಶ್ಚಿಮ ಬಂಗಾಳದ ಜೈಗಾಂವ್ ಗಡಿಯಿಂದ ತರಲು ಬಿಟ್ಟರು. ಅಂಕಿ ಕೇಳಿ ಗಾಬರಿಯಾದವರು ಬಹಳ. ಸಿಪ್ಪೆ ಸಮೇತ ಹಸಿ ಅಡಿಕೆ ಐದಾರು ಕ್ವಿಂಟಲ್ ಇದ್ದರೆ ಒಂದು ಕ್ವಿಂಟಲ್ ಚಾಲಿ ಆಗುತ್ತದೆ ಎಂಬುದು ಪ್ರತಿ ತೋಟಿಗರಿಗೂ ಗೊತ್ತು. ಆ ಲೆಕ್ಕದಲ್ಲಿ 17,000 ಟನ್ ಎಂದರೆ ಒಣಗಿದ ಅಡಿಕೆ ಮೂರು ಸಾವಿರ ಟನ್ ಆಸುಪಾಸು. ಸರ್ಕಾರಿ ಅಂಕಿಗಳಲ್ಲಿ ದೇಶದ ಉತ್ಪಾದನೆ 10 ಲಕ್ಷ ಟನ್ನಿಗೂ ಮೇಲಿದೆ. ಅರ್ಧ ಶೇಕಡದಷ್ಟೂ ಇಲ್ಲದ ಮಾಲು ತನ್ನ ತೂಕದಿಂದಲೇ ಶಿರಸಿ ದರವನ್ನು ಕೆಡವುವುದಿಲ್ಲ. ಕೆಡವುವುದು ಎರಡು ಸಂಗತಿ. ಕಾನೂನಿನ ದಾರಿಯ ಕಾಗದ ತೋರಿಸಿ ಬೇರೆ ಕಡೆಯ ಅಡಿಕೆ ಅದರ ಜೊತೆ ಸೇರಿಕೊಳ್ಳಬಹುದು. ಇನ್ನೊಂದು, ಸುದ್ದಿ ಬಂದ ವಾರ ವ್ಯಾಪಾರಿ ಮುಂದೆ ಇನ್ನೂ ಇಳಿಯಬಹುದು ಎಂದು ಟೆಂಡರ್‌ನಲ್ಲಿ ದರ ತಗ್ಗಿಸಿ ಬರೆಯುತ್ತಾನೆ, ಹೆದರಿದ ಬೆಳೆಗಾರ ಅದೇ ವಾರ ಚೀಲ ಇಳಿಸುತ್ತಾನೆ. ದರ ತಾನಾಗಿ ಬಿದ್ದಂತೆ ಕಾಣುತ್ತದೆ. ಅಂಥ ವಾರದಲ್ಲಿ ಮಾಲನ್ನು ಸೊಸೈಟಿಯ ಗೋದಾಮಿನಲ್ಲಿಟ್ಟು ಅಡಮಾನ ಸಾಲ ತೆಗೆದು ತಡೆದುಕೊಳ್ಳುವುದು ಹೆಚ್ಚಿನ ಬಾರಿ ಮೇಲು. ಬಡ್ಡಿ ಮತ್ತು ಒಣಗಿ ಇಳಿಯುವ ತೂಕ ಎರಡನ್ನೂ ಲೆಕ್ಕ ಹಿಡಿದೇ ನಿರ್ಧರಿಸಬೇಕು.

ರಿಯಾಯಿತಿಯೂ ನೆರವೇ

ಭೂತಾನಿಗೆ ಭಾರತ ವರ್ಷವರ್ಷ ನೆರವು ಕೊಡುತ್ತದೆ. 2025-26ರ ಕೇಂದ್ರ ಬಜೆಟ್ಟಿನಲ್ಲಿ 2,150 ಕೋಟಿ ರೂಪಾಯಿ ಇಟ್ಟಿದ್ದರು, ಬೇರೆ ಯಾವ ದೇಶಕ್ಕೂ ಅಷ್ಟಿಲ್ಲ. ನೆರೆಯವರು ಗಟ್ಟಿಯಾಗಿದ್ದರೆ ನಮಗೂ ಕ್ಷೇಮ, ಈ ಖರ್ಚಿಗೆ ಕಾರಣವಿದೆ. ಆ ಹಣ ಬಜೆಟ್ ಪುಸ್ತಕದಲ್ಲಿ ಸಾಲಾಗಿ ಕಾಣುತ್ತದೆ, ಸಂಸತ್ತು ಒಪ್ಪಿಗೆ ಕೊಡುತ್ತದೆ, ದೇಶದ ಎಲ್ಲ ತೆರಿಗೆದಾರರೂ ಹಂಚಿಕೊಳ್ಳುತ್ತಾರೆ. ಅದೇ ನೆರವನ್ನು ಅಡಿಕೆಯ ಷರತ್ತು ಸಡಿಲಿಸಿ ಕೊಟ್ಟರೆ? ಶ್ರೀಲಂಕಾಕ್ಕೆ ಮೆಣಸಿನ ಸುಂಕ ಬಿಟ್ಟು ಕೊಟ್ಟರೆ? ಬಜೆಟ್ಟಿನಲ್ಲಿ ಎಲ್ಲೂ ಕಾಣುವುದಿಲ್ಲ. ಖರ್ಚು ಮಾತ್ರ ಇದೆ, ಅದನ್ನು ತೆರುವವರು ಅಡಿಕೆ, ಮೆಣಸು ಬೆಳೆಯುವ ಕೆಲವು ಜಿಲ್ಲೆಯವರು.

ಬಡ ದೇಶಕ್ಕೆ ದಾನಕ್ಕಿಂತ ಮಾರುಕಟ್ಟೆ ಕೊಡುವುದು ಮೇಲು ಎಂಬ ಮಾತು ಅರ್ಥಶಾಸ್ತ್ರದಲ್ಲಿ ಬಹಳ ಕಾಲದಿಂದ ಇದೆ. ನಾವೂ ಒಪ್ಪುತ್ತೇವೆ. ದುಡಿದು ಮಾರಿದ ಹಣ ಕೈ ಚಾಚಿ ಪಡೆದ ಹಣಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಆದರೆ ದೇಶ ಕೊಡುವ ಮಾರುಕಟ್ಟೆಯ ಬೆಲೆಯನ್ನು ದೇಶವೇ ತೆರಬೇಕು.

ನೆರವು ಬರುವ ಬಗೆ ಹಲವು. ಮರಳಿಸಬೇಕಿಲ್ಲದ ಅನುದಾನ, ಕಡಿಮೆ ಬಡ್ಡಿಯ ದೀರ್ಘ ಸಾಲ, ತಜ್ಞರು ಮತ್ತು ಯಂತ್ರ, ಮತ್ತೆ ನಮ್ಮ ಸಾಮಾನನ್ನೇ ಕೊಳ್ಳಬೇಕು ಎಂಬ ಷರತ್ತಿನ ಹಣ. ಭಾರತ ತನ್ನ ರಫ್ತು-ಆಮದು ಬ್ಯಾಂಕಾದ ಎಕ್ಸಿಮ್ ಬ್ಯಾಂಕ್ ಮೂಲಕ ಬೇರೆ ದೇಶಗಳಿಗೆ ಕೊಡುವ ಸಾಲದಲ್ಲಿ ಸಾಮಾನ್ಯವಾಗಿ 75% ಸರಕು, ಸೇವೆ ಭಾರತದಿಂದಲೇ ಹೋಗಬೇಕು. ಅಲ್ಲಿ ನೆರವಿನ ಒಳಗೆ ವ್ಯಾಪಾರವಿದೆ. ಭೂತಾನ್ ಅಡಿಕೆಯಲ್ಲಿ ವ್ಯಾಪಾರದ ಒಳಗೆ ನೆರವಿದೆ.

ಪಡೆಯುವ ಕಡೆ ನಿಂತಾಗ ಏನಾಗುತ್ತದೆ ಎಂಬುದಕ್ಕೆ ಕಾರವಾರವೇ ಸಾಕ್ಷಿ. 1952ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ, ನಾರ್ವೆ, ಭಾರತ ಸೇರಿ ಮೀನುಗಾರಿಕೆ ಅಭಿವೃದ್ಧಿಗೆ ಒಪ್ಪಂದ ಮಾಡಿಕೊಂಡವು. ನಾರ್ವೆ ಹೊರದೇಶದಲ್ಲಿ ಕೈಗೊಂಡ ಮೊದಲ ಅಭಿವೃದ್ಧಿ ಯೋಜನೆ ಅದು, ಕೊಲ್ಲಂ ಬಳಿಯ ನೀಂಡಕರದಲ್ಲಿ ಶುರುವಾಗಿ 1960ರ ದಶಕದಲ್ಲಿ ಕಾರವಾರಕ್ಕೂ ಬಂತು. 1972ರಲ್ಲಿ ಪೂರ್ತಿ ಭಾರತ ಸರ್ಕಾರದ ಕೈಗೆ ಹೋಯಿತು. ಬಡ ಮೀನುಗಾರರ ದೋಣಿಗೆ ಯಂತ್ರ ಕೂಡಿಸಿ ಅವರ ಊಟ, ಆದಾಯ ಹೆಚ್ಚಿಸುವುದು ಮೂಲ ಉದ್ದೇಶ. ಎಂಜಿನ್, ಹೊಸ ದೋಣಿ, ಟ್ರಾಲ್ ಬಲೆ, ಮಂಜುಗಡ್ಡೆ, ಶೀತಲೀಕರಣ ಎಲ್ಲ ಬಂದವು. ಅಷ್ಟರಲ್ಲಿ ಅಮೆರಿಕದಲ್ಲಿ, ಆಮೇಲೆ ಜಪಾನಿನಲ್ಲಿ ಭಾರತದ ಸಿಗಡಿಗೆ ಬೇಡಿಕೆ ಹುಟ್ಟಿತು. ಟ್ರಾಲರ್ ಕೊಳ್ಳುವ ಶಕ್ತಿ ಇದ್ದವರಿಗೆ ಸಿಗಡಿ ಚಿನ್ನವಾಯಿತು, ಅವರಲ್ಲಿ ಮೀನುಗಾರರಲ್ಲದವರೂ ಇದ್ದರು.

1970ರ ದಶಕದ ನಡುವೆ ಪರ್ಸೀನ್ ಬೋಟುಗಳು ಬಂದವು. ಅಲ್ಲಿಯವರೆಗೆ ಈ ತೀರದ ಬಂಗುಡೆ, ತಾರ್ಲೆಯನ್ನು ರಂಪಣಿ ಬಲೆ ಹಿಡಿಯುತ್ತಿತ್ತು. ಒಂದು ರಂಪಣಿಯನ್ನು ದಡಕ್ಕೆ ಎಳೆಯಲು ಹತ್ತಾರು ಜನ ಬೇಕು, ಕೆಲವು ಸಲ ನೂರರ ಹತ್ತಿರ. ಸಿಕ್ಕ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಪರ್ಸೀನ್ ಅದನ್ನು ಹೊರಗೇ ಸುತ್ತುಗಟ್ಟಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ದಡದಲ್ಲೇ ಉಳಿದವು. ಒಟ್ಟು ಲೆಕ್ಕದಲ್ಲಿ ಮೀನು ಹೆಚ್ಚಿತು, ಡಾಲರ್ ಬಂತು. ಪಾಲು ಪಡೆಯುತ್ತಿದ್ದವರಲ್ಲಿ ಬಹಳ ಮಂದಿ ಬೋಟಿನಲ್ಲಿ ಕೂಲಿಯವರಾದರು. ನಾರ್ವೆಯವರ ಉದ್ದೇಶ ಕೆಟ್ಟದ್ದೆಂದು ಯಾರೂ ಹೇಳಲಾರರು. ಯಂತ್ರದ ಜೊತೆಗೆ ಒಡೆತನದ ಏರ್ಪಾಡೂ ಬರಬೇಕಿತ್ತು: ರಂಪಣಿ ತಂಡಕ್ಕೇ ಸಹಕಾರಿ ಬೋಟು, ಅದಕ್ಕೆ ಸಾಲ, ದಡದಿಂದ ಇಷ್ಟು ದೂರ ಪರ್ಸೀನ್ ಬರಬಾರದೆಂಬ ಗಡಿ. ನೆರವಿನ ಯೋಜನೆ ಬಿದ್ದುಹೋಗುವುದು ಹೆಚ್ಚಾಗಿ ಹಣ ಸಾಲದೆ ಅಲ್ಲ, ಈ ಏರ್ಪಾಡು ಇಲ್ಲದೆ. 1990ರ ದಶಕದಲ್ಲಿ ಬ್ರಿಟನ್ ನೆರವಿನಿಂದ ಇದೇ ಜಿಲ್ಲೆಯಲ್ಲಿ ನಡೆದ ಅರಣ್ಯ ಯೋಜನೆ ಗ್ರಾಮ ಅರಣ್ಯ ಸಮಿತಿಗಳನ್ನು ಕಟ್ಟಲು ಹೊರಟದ್ದು ಆ ದೃಷ್ಟಿಯಿಂದ ಸರಿಯಾದ ಹೆಜ್ಜೆ.

ಹಾಗಾದರೆ ಏನು ಕೇಳಬೇಕು, ಹೇಗೆ

ಆಮದು ನಿಷೇಧ ಎಂಬ ಒಂದೇ ಬೇಡಿಕೆ ದೆಹಲಿಯಲ್ಲಿ ಬೇಗ ತಳ್ಳಿಹೋಗುತ್ತದೆ, ಒಪ್ಪಂದ ಅಡ್ಡ ಬರುತ್ತದೆ ಎಂದು ಉತ್ತರ ಬರುತ್ತದೆ. ಒಪ್ಪಂದದ ಒಳಗೇ ಕೇಳಬಹುದಾದದ್ದು ಬೇಕಾದಷ್ಟಿದೆ. ಮೊದಲನೆಯದು ಪರಿಹಾರ: ರಿಯಾಯಿತಿ ಕೊಟ್ಟ ಬೆಳೆಯ ದರ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಖರೀದಿ ತಾನಾಗಿ ಶುರುವಾಗಬೇಕು. ಈಗ ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು, ನಷ್ಟವನ್ನು ಇಬ್ಬರೂ ಹಂಚಿಕೊಳ್ಳಬೇಕು. ಅಷ್ಟರಲ್ಲಿ ಸಣ್ಣ ಬೆಳೆಗಾರರ ಮಾಲು ಹೋಗಿರುತ್ತದೆ. ಎರಡನೆಯದು, ಸುಂಕವಿಲ್ಲದ ದಾರಿಯಲ್ಲಿ ಬರುವ ಪ್ರತಿ ಮಾಲಿಗೂ ಮೂಲದ ವಿವರ ಕೇಳುವಂತೆ ಕಸ್ಟಮ್ಸ್ ಮೇಲೆ ಒತ್ತಾಯ. ಗುಣಮಟ್ಟದ ಪರೀಕ್ಷೆಯನ್ನೂ ಕೇಳಬಹುದು. ಆದರೆ ಆಹಾರ ಸುರಕ್ಷತಾ ನಿಯಮದ 7% ತೇವಾಂಶದ ಮಿತಿ ನಮ್ಮ ಅಡಿಕೆಗೂ ಒಂದೇ, ಮಳೆಗಾಲದ ಚಾಲಿ ಅದನ್ನು ದಾಟುವುದುಂಟು.

ಇವನ್ನು ಕೇಳಲು ಅಂಕಿ ಕೈಯಲ್ಲಿರಬೇಕು, ಅವು ಎಲ್ಲರಿಗೂ ತೆರೆದಿವೆ. ವಾಣಿಜ್ಯ ಸಚಿವಾಲಯದ ಆಮದು ರಫ್ತು ದತ್ತಾಂಶ ತಾಣದಲ್ಲಿ ಅಡಿಕೆಗೆ 080280, ಇಡೀ ಕಾಳುಮೆಣಸಿಗೆ 090411 ಎಂಬ ಸಂಖ್ಯೆ ಹಾಕಿದರೆ ಯಾವ ದೇಶದಿಂದ ಎಷ್ಟು ತೂಕ, ಎಷ್ಟು ಮೌಲ್ಯ ಎಂದು ಸಿಗುತ್ತದೆ. ಮೌಲ್ಯವನ್ನು ತೂಕದಿಂದ ಭಾಗಿಸಿ. ಹೊರಪೇಟೆಯಲ್ಲಿ ದರ ಕಡಿಮೆಯಿದ್ದ ತಿಂಗಳಲ್ಲೂ ಕಿಲೋ ಬೆಲೆ ಸರಿಯಾಗಿ 351ರ ಅಥವಾ 500ರ ಹತ್ತಿರವೇ ನಿಂತಿದ್ದರೆ ಬಿಲ್ಲಿನಲ್ಲಿ ಏರಿಸಿ ಬರೆದ ಗುಮಾನಿ ಬರಬೇಕು. ಒಂದು ದೇಶ ತಾನು ಬೆಳೆಯುವುದಕ್ಕಿಂತ ಹೆಚ್ಚು ಕಳಿಸಿದ್ದರೆ, ಅಥವಾ ಅದು ತನ್ನ ನೆರೆಯಿಂದ ತರಿಸುವುದೂ ನಮಗೆ ಕಳಿಸುವುದೂ ಒಟ್ಟಿಗೆ ಏರಿದ್ದರೆ, ಅದು ಇನ್ನೂ ಬಲವಾದ ಗುಮಾನಿ.

ಸುರಿವ್ಯಾಪಾರ (ಡಂಪಿಂಗ್) ತಡೆ ಸುಂಕ ಹಾಕಿ ಎಂಬ ಬೇಡಿಕೆ ಆಗಾಗ ಕೇಳುತ್ತದೆ. ಅಗ್ಗದ ಮಾಲೆಲ್ಲ ಸುರಿವ್ಯಾಪಾರವಲ್ಲ. ಆ ದೇಶದವರು ತಮ್ಮ ಪೇಟೆಯ ದರಕ್ಕಿಂತಲೂ ಕಡಿಮೆಗೆ ಇಲ್ಲಿ ಮಾರಿದರೆ ಮಾತ್ರ ಆ ಸುಂಕ ಬೀಳುತ್ತದೆ. ಬೆಳೆಯುವ ಖರ್ಚೇ ಅಲ್ಲಿ ಕಡಿಮೆ ಎಂದಾದರೆ ಬೀಳುವುದಿಲ್ಲ. ಆಮದು ಒಮ್ಮೆಲೇ ಏರಿ ಗಂಭೀರ ಹಾನಿಯಾಗಿದ್ದರೆ ರಕ್ಷಣಾ ಸುಂಕ ಕೇಳುವುದು ಹೆಚ್ಚು ಸರಿಹೊಂದುವ ದಾರಿ. ಎರಡಕ್ಕೂ ಅರ್ಜಿ ಹೋಗುವುದು ವ್ಯಾಪಾರ ಪರಿಹಾರಗಳ ಮಹಾನಿರ್ದೇಶನಾಲಯಕ್ಕೆ. ಸುರಿವ್ಯಾಪಾರದ ಅರ್ಜಿಗೆ ದೇಶದ ಒಟ್ಟು ಉತ್ಪಾದನೆಯಲ್ಲಿ ಕನಿಷ್ಠ 25% ಇರುವ ಉತ್ಪಾದಕರ ಬೆಂಬಲ ಬೇಕು. ಅರ್ಧ ಎಕರೆ, ಎರಡೆಕರೆಯ ಸಾವಿರಾರು ತೋಟಿಗರ ಸಹಿ ಕೂಡಿಸುವುದು ಒಬ್ಬರಿಂದಾಗುವ ಕೆಲಸವಲ್ಲ. ಶಿರಸಿಯ ತೋಟಗಾರ್ಸ್ ಸೊಸೈಟಿ, ಮಂಗಳೂರಿನ ಕ್ಯಾಂಪ್ಕೊದಂಥ ಸಹಕಾರಿ ಸಂಘಗಳಲ್ಲಿ ಸದಸ್ಯರ ಪಟ್ಟಿ, ದಿನದಿನದ ತೂಕ, ಟೆಂಡರ್ ದರ ವರ್ಷಗಟ್ಟಲೆ ಕೂಡಿಬಂದಿರುತ್ತದೆ. ಹಾನಿ ತೋರಿಸಲು ಬೇಕಾದದ್ದು ಅದೇ ದಾಖಲೆ: ಮೂರು ವರ್ಷದ ದರ, ಮಾರಾಟವಾದ ತೂಕ, ಗೋದಾಮಿನಲ್ಲಿ ಉಳಿದ ದಾಸ್ತಾನು, ಅದೇ ಅವಧಿಯ ಆಮದಿನ ಅಂಕಿ, ತಿಂಗಳಿಗೆ ತಿಂಗಳು ಎದುರುಬದುರು ಇಟ್ಟು. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ಪಟ್ಟಿ ತಯಾರಿಸಿ ಇಡಬೇಕೆಂದು ಸದಸ್ಯರು ಠರಾವು ಮಂಡಿಸಬಹುದು.